ಕಲ್ಲು ಹೇಗೆ ಮಣ್ಣಾಗುತ್ತದೆ: ಬೀದರ, ಕಲಬುರಗಿ, ಯಾದಗಿರಿಯ ನೆಲವನ್ನು ನೀವೇ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಮಣ್ಣಿನ ಮಾತು ಬಂದರೆ ಎಲ್ಲರೂ ಬಣ್ಣದಿಂದಲೇ ಶುರು ಮಾಡುತ್ತಾರೆ. ಕಪ್ಪಾಗಿದ್ದರೆ ಫಲವತ್ತು, ಕೆಂಪಾಗಿದ್ದರೆ ಬಡವ, ಮುಗೀತು. ಇದರಲ್ಲಿ ಅರ್ಧ ಮಾತ್ರ ನಿಜ. ಬೀದರ ಕೋಟೆ ನಿಂತಿರುವ ಕೆಂಪು ನೆಲವೂ, ಆ ದಿಬ್ಬ ಇಳಿದ ಕೂಡಲೇ ಸಿಗುವ ಕಪ್ಪು ಹೊಲವೂ ಹುಟ್ಟಿದ್ದು ಒಂದೇ ಜಾತಿಯ ಕಲ್ಲಿನಿಂದ. ಬಣ್ಣ ಬೇರೆಯಾದದ್ದು ಆ ಕಲ್ಲಿನ ಮೇಲೆ ಬಿದ್ದ ನೀರು ಎತ್ತ ಹೋಯಿತು ಅನ್ನುವುದರಿಂದ. ಹಾಗಾಗಿ ಯಾವುದೇ ಹೊಲಕ್ಕೆ ಹೋದರೂ ಎರಡು ಪ್ರಶ್ನೆ ಕೇಳಿ: ಅಡಿಯಲ್ಲಿ ಯಾವ ಕಲ್ಲಿದೆ? ನೀರು ಇಲ್ಲಿ ಇಳಿದು ಹೋಗುತ್ತದೋ, ನಿಲ್ಲುತ್ತದೋ? ಮುಂದಿನ ಹಂತಗಳೆಲ್ಲ ಈ ಎರಡಕ್ಕೆ ಉತ್ತರ ಹುಡುಕುವ ದಾರಿಗಳು. ಲ್ಯಾಬ್ ಬೇಕಿಲ್ಲ. ಕೊನೆಯ ಹಂತಕ್ಕೆ ಮಾತ್ರ ಬೇಕು.

ಮೊದಲು ಸಾಮಾನು

ಗುದ್ದಲಿ ಅಥವಾ ಸಲಿಕೆ, ನೀರಿನ ಬಾಟಲಿ, ಒಂದೆರಡು ನಿಂಬೆಹಣ್ಣು, ಹಳೆಯ ಸ್ಪೀಕರಿನಿಂದ ತೆಗೆದ ಆಯಸ್ಕಾಂತ, ಚಾಕು, ಅಳತೆ ಟೇಪು, ಪ್ಲಾಸ್ಟಿಕ್ ಚೀಲಗಳು. ಮನೆಯಲ್ಲಿ ನೇರ ಗೋಡೆಯ ಗಾಜಿನ ಬಾಟಲಿಗಳು, ಅಡುಗೆಮನೆಯ ಗ್ರಾಂ ತಕ್ಕಡಿ, ಒಂದು ಚಮಚ ಬಟ್ಟೆ ತೊಳೆಯುವ ಪುಡಿ. ಇಷ್ಟೇ.

ಹೋಗುವ ಕಾಲವೂ ಮುಖ್ಯ. ಎರೆ ಹೊಲದ, ಅಂದರೆ ಕಪ್ಪು ಜೇಡಿ ಮಣ್ಣಿನ ಹೊಲದ ಬಿರುಕು ನೋಡಬೇಕೆಂದರೆ ಏಪ್ರಿಲ್, ಮೇನಲ್ಲಿ ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆಯ ಮೇಲೆ ನಮ್ಮ ಬಿಸಿಲು ಯಾರನ್ನೂ ಬಿಡುವುದಿಲ್ಲ. ನೀರು ಹೇಗೆ ಇಳಿಯುತ್ತದೆ ಅಂತ ನೋಡಬೇಕಾದರೆ ಸೆಪ್ಟೆಂಬರಿನ ದೊಡ್ಡ ಮಳೆ ಆದ ಮರುದಿನ ಹೋಗಿ. ಹೊಲದವರನ್ನು ಕೇಳದೆ ಅಗೆಯಬೇಡಿ. "ಕಾಕಾ, ಒಂದು ಹಿಡಿ ಮಣ್ಣು ನೋಡ್ತೀನ್ರಿ" ಅಂದರೆ ಬೇಡ ಅನ್ನುವವರು ಕಡಿಮೆ, ಮೇಲಾಗಿ ಆ ಹೊಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ ಎಲ್ಲಿ ಬೆಳೆ ಹಳದಿ ಆಗುತ್ತದೆ ಅಂತ ನಿಮ್ಮ ಎಲ್ಲಾ ಪರೀಕ್ಷೆಗಿಂತ ಮೊದಲೇ ಅವರು ಹೇಳಿಬಿಡುತ್ತಾರೆ.

ಹಂತ 1: ಕಲ್ಲು ಗುರುತಿಸಿ

ನಮ್ಮ ಮೂರು ಜಿಲ್ಲೆಗಳಲ್ಲಿ ಮುಖ್ಯವಾಗಿ ಮೂರು ಕಲ್ಲಿನ ನಾಡುಗಳಿವೆ.

ಬೀದರ ಜಿಲ್ಲೆ ಹೆಚ್ಚುಕಡಿಮೆ ಪೂರ್ತಿ, ಕಲಬುರಗಿಯ ಆಳಂದ, ಕಮಲಾಪುರದ ಕಡೆ, ಚಿಂಚೋಳಿಯ ಎತ್ತರದ ಭಾಗಗಳೆಲ್ಲ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ, ಪದರದ ಮೇಲೆ ಪದರವಾಗಿ ಗಟ್ಟಿಯಾದದ್ದು. ಕಪ್ಪು, ಭಾರ, ಕಣ ಕಣ್ಣಿಗೆ ಕಾಣದಷ್ಟು ಸಣ್ಣ. ಕೆಲವು ಪದರಗಳಲ್ಲಿ ಸಣ್ಣ ಸಣ್ಣ ಬಿಳಿ ಗುಳ್ಳೆ ತುಂಬಿರುತ್ತವೆ. ಲಾವಾದೊಳಗಿನ ಗಾಳಿ ಗುಳ್ಳೆಗಳಲ್ಲಿ ಆಮೇಲೆ ಖನಿಜ ಕೂತದ್ದು ಅದು. ಕಲ್ಲು ಪುಡಿ ಮಾಡಿ ಆಯಸ್ಕಾಂತ ಹಿಡಿಯಿರಿ. ಕಪ್ಪು ಕಣಗಳು ಹತ್ತಿಕೊಳ್ಳುತ್ತವೆ, ಅದು ಮ್ಯಾಗ್ನೆಟೈಟ್.

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಮಳಖೇಡ ಸುತ್ತ ಸುಣ್ಣದಕಲ್ಲು. ನಮ್ಮ ಮನೆಗಳ ಫರಸಿ ಇದೇ ತಾನೆ. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಸಾಲಾಗಿ ಕೂತಿರುವುದೂ ಇದಕ್ಕೇ. ಚಾಕುವಿನಿಂದ ಕೆರೆದು ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿ. ಸಣ್ಣಗೆ ನೊರೆ ಬರುತ್ತದೆ. ಪುಡಿ ಮಾಡದೆ ಗಟ್ಟಿ ಕಲ್ಲಿನ ಮೇಲೆ ಹಿಂಡಿದರೆ ನಿಂಬೆಯ ಶಕ್ತಿ ಸಾಲುವುದಿಲ್ಲ, ನೊರೆ ಕಾಣದೆ ಹೋಗಬಹುದು.

ಯಾದಗಿರಿ ಕೋಟೆಯ ಗುಡ್ಡ, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಸುರಪುರದ ಬಂಡೆಗಳು ಗ್ರಾನೈಟ್ ಮತ್ತು ಅದರ ನೆಂಟ, ಪಟ್ಟೆಪಟ್ಟೆಯಾಗಿ ಕಾಣುವ ನೈಸ್ ಎಂಬ ಕಲ್ಲು. ಇವುಗಳ ವಯಸ್ಸು 250 ಕೋಟಿ ವರ್ಷದ ಆಸುಪಾಸು, ಅಂದರೆ ಬಸಾಲ್ಟ್ ಇದರ ಮುಂದೆ ಎಳೆ ಕೂಸು. ಇಲ್ಲಿ ಕಣಗಳು ಬರಿಗಣ್ಣಿಗೇ ಕಾಣುತ್ತವೆ: ಗಾಜಿನಂತಿರುವುದು ಕ್ವಾರ್ಟ್ಸ್, ಗುಲಾಬಿ ಅಥವಾ ಮಾಸಲು ಬಿಳಿ ಬಣ್ಣದ್ದು ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಹಾಳೆ ಅಭ್ರಕ.

ಹಂತ 2: ನೆಲದ ಕತ್ತರಿಸಿದ ಮುಖ ಹುಡುಕಿ

ಮೇಲಿನಿಂದ ಮಣ್ಣು ನೋಡಿದರೆ ಅರ್ಧವೂ ತಿಳಿಯುವುದಿಲ್ಲ. ಹೊಸದಾಗಿ ತೋಡಿದ ಬಾವಿ ಅಥವಾ ಕೃಷಿ ಹೊಂಡದ ದಂಡೆ, ರಸ್ತೆ ಅಗಲ ಮಾಡುವಾಗ ಕಡಿದ ದಿಬ್ಬ, ಗರಸು ತೆಗೆದ ಗುಂಡಿ, ಹಳ್ಳದ ಕೊರಕಲು ಇವು ಒಳ್ಳೆಯ ಜಾಗ. ಹಳೆಯ ಬಾವಿಗೆ ಇಳಿಯಬೇಡಿ, ಗರಸಿನ ಗುಂಡಿಯ ಗೋಡೆ ಕೆಳಗೆ ನಿಲ್ಲಬೇಡಿ, ಅದು ಹೇಳಿಕೇಳಿ ಬೀಳುವುದಿಲ್ಲ.

ಗೋಡೆಯ ಮುಖವನ್ನು ಗುದ್ದಲಿಯಿಂದ ಒಂದು ಗೇಣು ಅಗಲ ಕೆರೆದು ಹೊಸ ಮಣ್ಣು ಕಾಣುವಂತೆ ಮಾಡಿ. ಟೇಪು ಇಳಿಬಿಡಿ. ಮೇಲಿನಿಂದ ಕೆಳಗೆ ಬಣ್ಣ ಎಲ್ಲಿ ಬದಲಾಗುತ್ತದೆ, ಬೇರು ಎಲ್ಲಿ ನಿಲ್ಲುತ್ತದೆ, ಕಲ್ಲಿನ ಚೂರು ಎಲ್ಲಿಂದ ಶುರುವಾಗುತ್ತದೆ ಅಂತ ಬರೆದುಕೊಳ್ಳಿ. ಸಾಮಾನ್ಯವಾಗಿ ಮೇಲೆ ಉಳುಮೆಯ ಪದರ, ಅದರ ಕೆಳಗೆ ಗಟ್ಟಿ ಜೇಡಿ ಪದರ, ಆಮೇಲೆ ಗರಸು, ಕೊನೆಗೆ ಗಟ್ಟಿ ಬಂಡೆ. ಗರಸು ಅಂದರೆ ಅರ್ಧ ಮಣ್ಣಾದ ಕಲ್ಲು. ಮನೆ ಪಾಯಕ್ಕೆ ತುಂಬಿಸುವ ಆ ಗರಸನ್ನು ಇನ್ನೊಂದು ಸಲ ಗಮನವಿಟ್ಟು ನೋಡಿ. ಕಲ್ಲು ಮಣ್ಣಾಗುವ ಕೆಲಸ ಅರ್ಧಕ್ಕೆ ನಿಂತದ್ದು ಕಣ್ಣೆದುರೇ ಸಿಗುವುದು ಅಲ್ಲಿ ಮಾತ್ರ.

ಹಂತ 3: ಕಲ್ಲು ಒಡೆಯುವುದನ್ನು ನೋಡಿ

ಶಾಲೆಯ ಪುಸ್ತಕದಲ್ಲಿ ಬಿರುಕಿನೊಳಗೆ ನೀರು ಹೆಪ್ಪುಗಟ್ಟಿ ಕಲ್ಲು ಸೀಳುವ ಚಿತ್ರ ಇರುತ್ತದೆ. ಕಲಬುರಗಿಯಲ್ಲಿ ಅದನ್ನು ಮರೆತುಬಿಡಿ. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಮೇಲ್ಮೈ ಸಡಿಲವಾಗುತ್ತದೆ, ಇದು ನಿಜ. ಆದರೆ ಬರೀ ಬಿಸಿಲಿನಿಂದ ಆಗುವ ಕೆಲಸ ನಿಧಾನ. ಅದಕ್ಕೆ ನೀರು ಸೇರಿದರೆ ಮಾತ್ರ ಜೋರು.

ಬಸಾಲ್ಟಿನ ಗರಸಿನ ಗುಂಡಿಯಲ್ಲಿ ದುಂಡು ಕಲ್ಲು ಹುಡುಕಿ. ಕೈಯಿಂದ ಸಿಪ್ಪೆ ಬಿಡಿಸಿದರೆ ಉಳ್ಳಾಗಡ್ಡಿಯಂತೆ ಪದರ ಪದರವಾಗಿ ಬಿಚ್ಚುತ್ತದೆ, ಒಳಗೆ ಗಟ್ಟಿ ಕಪ್ಪು ತಿರುಳು ಇರುತ್ತದೆ. ಮೊದಲು ಇದು ಮೂಲೆ ಇದ್ದ ಚೌಕ ತುಂಡು. ಬಿರುಕುಗಳ ಮೂಲಕ ನೀರು ಎಲ್ಲಾ ಕಡೆಯಿಂದ ಬಂದಾಗ ಮೂಲೆಗಳಿಗೆ ಮೂರು ಮುಖದಿಂದ ಹೊಡೆತ, ಅಂಚಿಗೆ ಎರಡು ಕಡೆಯಿಂದ, ನಡುವಿಗೆ ಒಂದೇ ಕಡೆಯಿಂದ. ಅದಕ್ಕೇ ಮೂಲೆ ಬೇಗ ಹೋಗಿ ಕಲ್ಲು ದುಂಡಾಗುತ್ತದೆ. ಹೊರ ಸಿಪ್ಪೆಯ ಕಂದು ಬಣ್ಣ ಕಬ್ಬಿಣ ತುಕ್ಕು ಹಿಡಿದದ್ದು.

ಇನ್ನು ರಸಾಯನದ ಮಾತು. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಸ್ವಲ್ಪ ಹುಳಿಯಾಗಿರುತ್ತದೆ, ಪಿಎಚ್ ಸುಮಾರು 5.6 (ಪಿಎಚ್ ಅಂದರೆ ಹುಳಿ, ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ). ಮಣ್ಣೊಳಗೆ ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡುವುದರಿಂದ ಅಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ನೀರು ಕೆಳಗೆ ಇಳಿದಷ್ಟೂ ಕಲ್ಲು ತಿನ್ನುವ ಶಕ್ತಿ ಹೆಚ್ಚುತ್ತದೆ. ಈ ನೀರು ಸುಣ್ಣದಕಲ್ಲನ್ನು ಪೂರ್ತಿ ಕರಗಿಸಿ ಒಯ್ಯುತ್ತದೆ. ಉಳಿಯುವುದು ಕಲ್ಲಿನೊಳಗೆ ಕಲಬೆರಕೆಯಾಗಿದ್ದ ಜೇಡಿ ಮಾತ್ರ. ಅಂದರೆ ಒಂದು ಇಂಚು ಮಣ್ಣಿಗೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪದ ಕಲ್ಲು ಕರಗಿ ಹೋಗಿರಬೇಕು. ಶಹಾಬಾದ ಕಡೆ ಕೆಲವು ಹೊಲಗಳಲ್ಲಿ ನೇಗಿಲು ಇಳಿಸಿದರೆ ಫರಸಿಗೇ ತಾಗುವುದು ಇದರಿಂದಲೇ. ಭೀಮಾ ದಂಡೆಯ ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದ ಕೆತ್ತನೆಗಳೂ ಸುಣ್ಣದಕಲ್ಲಿನವೇ. ಸುಮಾರು ಎರಡು ಸಾವಿರ ವರ್ಷವಾದರೂ ಅವುಗಳ ಗೆರೆ ತಿಳಿಯುತ್ತದೆ, ಯಾಕೆಂದರೆ ಬಹುಕಾಲ ಅವು ಮಣ್ಣಿನಡಿ ಮಳೆ ಹೊಡೆತಕ್ಕೆ ಸಿಗದೆ ಇದ್ದವು.

ಗ್ರಾನೈಟಿನಲ್ಲಿ ಕಥೆ ಬೇರೆ. ಅಲ್ಲಿನ ಕ್ವಾರ್ಟ್ಸ್ ಈ ನೀರಿಗೆ ಜಗ್ಗುವುದಿಲ್ಲ. ಫೆಲ್ಡ್‌ಸ್ಪಾರ್ ಮಾತ್ರ ನಿಧಾನವಾಗಿ ಮೆತ್ತಗಾಗಿ ಜೇಡಿಯಾಗುತ್ತದೆ, ಆಗ ಅದರೊಳಗಿನ ಪೊಟ್ಯಾಷ್ ಬಿಡುಗಡೆಯಾಗುತ್ತದೆ. ಚಾಕುವಿನ ಪರೀಕ್ಷೆ ಮಾಡಿ: ತಾಜಾ ಫೆಲ್ಡ್‌ಸ್ಪಾರ್ ಮೇಲೆ ಚಾಕು ಜಾರುತ್ತದೆ, ಹಳತಾದದ್ದನ್ನು ಕೆರೆದರೆ ಬಿಳಿ ಪುಡಿ ಬರುತ್ತದೆ. ಅಂಟು ಕಳಚಿಕೊಂಡ ಕ್ವಾರ್ಟ್ಸ್ ಕಣಗಳು ಬುಡದಲ್ಲಿ ರಾಶಿ ಬೀಳುತ್ತವೆ. ಅದೇ ಉಸುಕು. ಯಾದಗಿರಿ ಕಡೆಯ ಮಸಾರಿ, ಅಂದರೆ ಉಸುಕು ಬೆರೆತ ಕೆಂಪು ಮಣ್ಣಿನ ಹೊಲ ಕೈಗೆ ಜರಜರ ಅನ್ನುವುದು ಇದರಿಂದ. ಬಸಾಲ್ಟಿನಲ್ಲಿ ಕ್ವಾರ್ಟ್ಸ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದು ಕೊಳೆತರೆ ಉಸುಕು ಸಿಗುವುದಿಲ್ಲ, ಜೇಡಿ ಸಿಗುತ್ತದೆ.

ಬಂಡೆಯ ಮೇಲಿನ ಬೂದು, ಹಳದಿ ಕಲೆಗಳನ್ನು ಬಿಡಬೇಡಿ. ಅದು ಕಲ್ಲುಹೂವಿನ ಬಳಗ, ಮಸಾಲೆಗೆ ಹಾಕುತ್ತೇವಲ್ಲ, ಅದರ ನೆಂಟರು. ಅವು ಹುಳಿ ಸುರಿಸಿ ಕಲ್ಲು ಕೊರೆಯುತ್ತವೆ. ಚಾಕುವಿನಿಂದ ಒಂದು ಕಲೆ ಎಬ್ಬಿಸಿ ನೋಡಿದರೆ ಅಡಿಯ ಕಲ್ಲು ಪುಡಿಪುಡಿ ಆಗಿರುತ್ತದೆ. ಇದನ್ನು ಕೋಟೆ, ಗುಡಿ, ದರ್ಗಾಗಳ ಕಲ್ಲಿನ ಮೇಲೆ ಮಾತ್ರ ಮಾಡಬೇಡಿ.

ಹಂತ 4: ಬೀದರದ ಇಳಿಜಾರಿನಲ್ಲಿ ನಡೆಯಿರಿ

ಒಂದೇ ದಿನ ಸಿಗುವುದಾದರೆ ಬೇರೆಲ್ಲ ಬಿಟ್ಟು ಇದನ್ನು ಮಾಡಿ.

ಕೋಟೆಯ ಕಂದಕದ ಹತ್ತಿರ ನಿಂತು ಕಡಿದ ಗೋಡೆ ನೋಡಿ. ಕೆಂಪು, ತೂತು ತೂತಾದ ಜಂಬಿಟ್ಟಿಗೆ ಕಲ್ಲು. ಇದು ಬಸಾಲ್ಟಿನದೇ ಕೊನೆಯ ರೂಪ. ಹಿಂದೆ ಜಾಸ್ತಿ ಮಳೆಯಿದ್ದ ಕಾಲದಲ್ಲಿ ನೀರು ಲಕ್ಷಾಂತರ ವರ್ಷ ಈ ಎತ್ತರದ ಬಯಲಿನ ಮೂಲಕ ಕೆಳಗಿಳಿಯಿತು. ಇಳಿಯುವಾಗ ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ, ಕೊನೆಗೆ ಸಿಲಿಕಾದ ಬಹುಪಾಲನ್ನೂ ತೊಳೆದುಕೊಂಡು ಹೋಯಿತು. ಕರಗಲು ಒಪ್ಪದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದವು. ಈ ಕಲ್ಲು ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. 15ನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಇಷ್ಟು ದೊಡ್ಡ ಕಂದಕ ಕಡಿಯಲು ಆದದ್ದು ಇದರಿಂದಲೇ. ನೌಬಾದದ ಸುರಂಗ ಬಾವಿಯ ಗುಟ್ಟೂ ಇಲ್ಲೇ ಇದೆ: ತೂತಿನ ಜಂಬಿಟ್ಟಿಗೆ ಮಳೆನೀರನ್ನು ಕೆಳಗೆ ಬಿಡುತ್ತದೆ, ಅಡಿಯ ಬಸಾಲ್ಟ್ ತಡೆಯುತ್ತದೆ, ಆ ಸಂದಿನಲ್ಲಿ ಕಾಲುವೆ ಕೊರೆದರೆ ನೀರು ಸಿಗುತ್ತದೆ.

ಈಗ ಊರು ಬಿಟ್ಟು ಇಳಿಜಾರಿನಲ್ಲಿ ಕೆಳಗೆ ಬನ್ನಿ. ಅಲ್ಲಲ್ಲಿ ನಿಂತು ಒಂದೊಂದು ಹಿಡಿ ಮಣ್ಣು ಚೀಲಕ್ಕೆ ಹಾಕಿ, ಜಾಗ ಬರೆದುಕೊಳ್ಳಿ. ಕೆಂಪು ಕಂದಾಗುತ್ತದೆ, ಕಂದು ಕಪ್ಪಾಗುತ್ತದೆ. ತಗ್ಗಿನಲ್ಲಿ ನೀರು ಬೇಗ ಹೊರಗೆ ಹೋಗುವುದಿಲ್ಲ. ಮೇಲಿನಿಂದ ತೊಳೆದು ಬಂದ ಸುಣ್ಣ, ಮೆಗ್ನೀಷಿಯಂ, ಸಿಲಿಕಾ ಇಲ್ಲೇ ಉಳಿಯುತ್ತವೆ. ಆಗ ಬಸಾಲ್ಟಿನಿಂದ ಹುಟ್ಟುವ ಜೇಡಿ ಬೇರೆ ಜಾತಿಯದು, ಹೆಸರು ಸ್ಮೆಕ್ಟೈಟ್. ಇದರ ಒಂದು ಗ್ರಾಂನಲ್ಲಿ ಒಳಗಿನ ಪದರಗಳೂ ಸೇರಿ 600 ಚದರ ಮೀಟರಿಗಿಂತ ಹೆಚ್ಚು ಮೇಲ್ಮೈ ಇರುತ್ತದೆ. ಕೆಂಪು ಮಣ್ಣಿನ ಕೇಯೊಲಿನೈಟ್ ಜೇಡಿಯಲ್ಲಿ 10ರಿಂದ 20 ಮಾತ್ರ. ಎರೆ ಹೊಲ ನೀರು ಹಿಡಿದು ಹಿಂಗಾರಿ ಬಿಳಿಜೋಳಕ್ಕೆ ಚಳಿಗಾಲ ಪೂರ್ತಿ ಉಣಿಸುವುದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವುದು, ಮನೆ ಗೋಡೆ ಸೀಳುವುದು, ಎಲ್ಲಾ ಈ ಮೇಲ್ಮೈಯ ಆಟ.

ಬಿರುಕು ಸಿಕ್ಕರೆ ಒಂದು ಕಡ್ಡಿ ಇಳಿಸಿ ಆಳ ಅಳೆಯಿರಿ. ಆಮೇಲೆ ಕೃಷಿ ಹೊಂಡದ ಗೋಡೆಯಲ್ಲಿ ಅರ್ಧ ಮೀಟರಿನಿಂದ ಕೆಳಗೆ ಒಂದು ಹೆಂಟೆ ಒಡೆಯಿರಿ. ಒಳಮುಖ ತೀಡಿದ ಹಾಗೆ ಹೊಳೆಯುತ್ತಿದ್ದರೆ, ಗೀರು ಬಿದ್ದಿದ್ದರೆ, ಒದ್ದೆಯಾಗಿ ಉಬ್ಬಿದ ಮಣ್ಣು ಒಂದರ ಮೇಲೊಂದು ಜಾರಿದ ಗುರುತು ಅದು. ಬಿರುಕಿನೊಳಗೆ ಮೇಲಿನ ಮಣ್ಣು ಬೀಳುತ್ತದೆ, ಮಳೆಗೆ ಬಿರುಕು ಮುಚ್ಚುತ್ತದೆ, ಒಳಗಿನದು ಮೇಲಕ್ಕೆ ಒತ್ತುತ್ತದೆ. ಹೀಗೆ ಆಳವಾದ ಎರೆ ಭೂಮಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಪದರಗಳು ಸ್ಪಷ್ಟವಾಗಿ ಕಾಣಲಿಲ್ಲವೆಂದು ತಲೆ ಕೆಡಿಸಿಕೊಳ್ಳಬೇಡಿ.

ಹಂತ 5: ಮಣ್ಣನ್ನು ಬಿಡಿಸಿ ಅಳೆಯಿರಿ

ಒಳ್ಳೆಯ ಮಣ್ಣಿನ ಒಟ್ಟು ಗಾತ್ರದಲ್ಲಿ ಸುಮಾರು 45 ಭಾಗ ಖನಿಜ, 25 ನೀರು, 25 ಗಾಳಿ, 5 ಸಾವಯವ ಪದಾರ್ಥ ಅಂತ ಪುಸ್ತಕ ಹೇಳುತ್ತದೆ. ನಮ್ಮ ಹೊಲದಲ್ಲಿ ಈ ಲೆಕ್ಕ ವರ್ಷಪೂರ್ತಿ ನಿಲ್ಲುವುದಿಲ್ಲ. ಮೇನಲ್ಲಿ ಮೇಲಿನ ಪದರದ ನೀರು ಹೆಚ್ಚುಕಡಿಮೆ ಸೊನ್ನೆ. ಸೆಪ್ಟೆಂಬರಿನಲ್ಲಿ ಎರೆ ಹೊಲದ ಗಾಳಿಯ ಜಾಗವನ್ನೂ ನೀರು ತಿಂದುಬಿಡುತ್ತದೆ, ತೊಗರಿ ಹಳದಿಯಾಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಮತ್ತೆ ಆ 5 ಭಾಗ ಸಾವಯವ? ನಮ್ಮ ಬಿಸಿಲಿಗೆ ಅದು ಬೇಗ ಸುಟ್ಟು ಹೋಗುತ್ತದೆ, ಒಂದೆರಡು ಭಾಗ ಉಳಿದರೆ ದೊಡ್ಡದು. ಎರೆ ಮಣ್ಣು ಕಪ್ಪಾಗಿದೆಯೆಂದು ಅದರಲ್ಲಿ ಗೊಬ್ಬರ ತುಂಬಿದೆ ಅಂದುಕೊಳ್ಳಬೇಡಿ, ಇರುವ ಸ್ವಲ್ಪವೇ ಜೇಡಿಗೆ ಬಿಗಿಯಾಗಿ ಅಂಟಿಕೊಂಡು ಅಷ್ಟು ಕಪ್ಪು ಕಾಣಿಸುತ್ತದೆ.

ಖನಿಜ ಭಾಗ ಅಳೆಯುವುದು ಹೀಗೆ. ಒಣಗಿದ ಹೆಂಟೆ ಕುಟ್ಟಿ, ಜರಡಿ ಹಿಡಿದು, ಬಾಟಲಿಯ ಮೂರನೇ ಒಂದು ಭಾಗ ತುಂಬಿ. ನೀರು ಹಾಕಿ, ಬಟ್ಟೆ ಪುಡಿ ಹಾಕಿ, ಹತ್ತು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಕೈ ನೋಯಬೇಕು, ಇಲ್ಲದಿದ್ದರೆ ಜೇಡಿಯ ಉಂಡೆ ಬಿಡುವುದಿಲ್ಲ. ಸಮತಟ್ಟು ಜಾಗದಲ್ಲಿ ಇಟ್ಟು ಒಂದು ನಿಮಿಷಕ್ಕೆ ತಳದಲ್ಲಿ ಕೂತ ಎತ್ತರಕ್ಕೆ ಗೆರೆ ಹಾಕಿ: ಅದು ಉಸುಕು, 2 ಮಿಲಿಮೀಟರಿನಿಂದ 0.05ರವರೆಗಿನ ಕಣ. ಎರಡು ಗಂಟೆಗೆ ಇನ್ನೊಂದು ಗೆರೆ: ನಡುವೆ ಕೂತದ್ದು ರೇವೆ, ಅಂದರೆ ಕೆರೆ ಹೂಳಿನಂಥ ನುಣ್ಣನೆ ಪುಡಿ. 0.002 ಮಿಲಿಮೀಟರಿಗಿಂತ ಸಣ್ಣದು ಜೇಡಿ, ಅದು ಕೂರಲು ಒಂದೆರಡು ದಿನ ಬೇಕು. ಒಟ್ಟು 9 ಸೆಂಟಿಮೀಟರಿನಲ್ಲಿ ಉಸುಕು 2, ರೇವೆ 2, ಜೇಡಿ 5 ಬಂದರೆ ಜೇಡಿ ಶೇ. 56 ಅಂತ ಲೆಕ್ಕ.

ಇಲ್ಲಿ ಒಂದು ಎಚ್ಚರ. ಎರೆ ಮಣ್ಣಿನ ಜೇಡಿ ನೀರಿನಲ್ಲಿ ಉಬ್ಬಿಕೊಂಡು ನಿಜಕ್ಕಿಂತ ಜಾಸ್ತಿ ಎತ್ತರ ತೋರಿಸುತ್ತದೆ. ಅದಕ್ಕೆ ಎರೆಗೆ ಈ ಬಾಟಲಿಯ ಅಂಕಿ ನಂಬಿ ಕೂರಬೇಡಿ, ಪಕ್ಕದಲ್ಲಿ ಮಸಾರಿಯ ಬಾಟಲಿ ಇಟ್ಟು ಹೋಲಿಸಿ ನೋಡಲು ಬಳಸಿ. ಮೂರು ನಾಲ್ಕು ದಿನವಾದರೂ ನೀರು ತಿಳಿಯಾಗದಿದ್ದರೆ ಬಟ್ಟೆ ಪುಡಿ ಇಲ್ಲದೆ, ಮಳೆನೀರಿನಲ್ಲಿ ಇನ್ನೊಂದು ಬಾಟಲಿ ಮಾಡಿ. ಅದೂ ಕಲಕೇ ಉಳಿದರೆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರುವ ಅನುಮಾನ ಪಡಿ. ಕಾಲುವೆ ನೀರು ಹರಿದ ಕೃಷ್ಣಾ ಭಾಗದ ಸವಳು ಹೊಲಗಳಲ್ಲಿ ಇದು ಸಾಮಾನ್ಯ.

ಬಾಟಲಿಗಿಂತ ಬೆರಳು ಚುರುಕು. ಹದವಾಗಿ ಒದ್ದೆ ಮಾಡಿದ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತುತ್ತಾ ಹೋಗಿ. ಎರಡೂವರೆ ಸೆಂಟಿಮೀಟರಿನೊಳಗೆ ತುಂಡಾದರೆ ಉಸುಕು ಅಥವಾ ರೇವೆ ಹೆಚ್ಚು, ಐದು ದಾಟಿದರೆ ಜೇಡಿ ಮಣ್ಣು.

ನೀರಿಗೆ: 100 ಗ್ರಾಂ ಹಸಿ ಮಣ್ಣು ತೂಗಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಗಿ. ಕಡಿಮೆಯಾದದ್ದು ನೀರು. ಗಾಳಿಗೆ: ಒಣ ಮಸಾರಿ ಮಣ್ಣು ತುಂಬಿದ ಲೋಟಕ್ಕೆ ಮೇಲೆ ನೀರು ಮಿನುಗುವವರೆಗೆ ನಿಧಾನವಾಗಿ ಸುರಿಯಿರಿ. ಹಿಡಿದ ನೀರಿನ ಅಳತೆಯೇ ಹೆಚ್ಚುಕಡಿಮೆ ಖಾಲಿ ಜಾಗದ ಅಳತೆ. ಎರೆಗೆ ಈ ಲೋಟದ ಲೆಕ್ಕ ನಡೆಯುವುದಿಲ್ಲ, ಕಾರಣ ಅದೇ, ಉಬ್ಬುತ್ತದೆ.

ಸಾವಯವಕ್ಕೆ ನನಗೆ ಇಷ್ಟವಾದ ಪರೀಕ್ಷೆ ಇದು. ಹುಲ್ಲು ಬೆಳೆದ ಬದುವಿನಿಂದ ಒಂದು ಒಣ ಹೆಂಟೆ, ಅದೇ ಹೊಲದ ಉಳುಮೆ ಜಾಗದಿಂದ ಇನ್ನೊಂದು. ಎರಡನ್ನೂ ಚಹಾ ಸೋಸುವ ಜಾಲರಿಯಲ್ಲಿಟ್ಟು ನೀರಿಗೆ ಇಳಿಸಿ. ಉಳುಮೆಯದು ಸಾಮಾನ್ಯವಾಗಿ ಬೇಗ ಕುಸಿದು ಬೀಳುತ್ತದೆ. ಬದುವಿನದು ತಡೆದು ನಿಲ್ಲುತ್ತದೆ, ಯಾಕೆಂದರೆ ಬೇರಿನ ಅಂಟು, ಶಿಲೀಂಧ್ರದ ಎಳೆ, ಕೊಳೆತ ಎಲೆ ಸೇರಿ ಕಣಗಳನ್ನು ಹಿಡಿದಿಟ್ಟಿರುತ್ತವೆ. ಒಂದೇ ಕಲ್ಲು, ಒಂದೇ ಜೇಡಿ, ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ ಅಲ್ವಾ?

ಹಂತ 6: ಸುಣ್ಣ ಹುಡುಕಿ, ಆಮೇಲೆ ಲ್ಯಾಬಿಗೆ ಕಳಿಸಿ

ಹೊಂಡದ ಗೋಡೆಯಲ್ಲಿ ಬಿಳಿ ಹರಳು ಕಂಡರೆ ಕುಟ್ಟಿ ಪುಡಿ ಮಾಡಿ ನಿಂಬೆರಸ ಹಾಕಿ. ನೊರೆ ಬಂದರೆ ಸುಣ್ಣ. ಮಳೆ ಕಡಿಮೆ ಇರುವ ನಮ್ಮ ನಾಡಿನಲ್ಲಿ ಕರಗಿದ ಸುಣ್ಣ ಪೂರ್ತಿ ಹೊರಗೆ ಹೋಗದೆ ಒಳಗೇ ಮತ್ತೆ ಗಟ್ಟಿಯಾಗುತ್ತದೆ. ಇಂಥ ಮಣ್ಣಿನಲ್ಲಿ ಪಿಎಚ್ ಸಾಮಾನ್ಯವಾಗಿ 8ರ ಸುತ್ತ ಇರುತ್ತದೆ. ಕಬ್ಬಿಣ, ಸತು ಮಣ್ಣಿನಲ್ಲಿ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆಯ ನರ ಹಸಿರು, ನಡುವೆ ಹಳದಿ ಕಂಡರೆ ಸುಮ್ನೆ ಯೂರಿಯಾ ಸುರಿಯುವ ಮೊದಲು ಇದನ್ನು ನೆನಪಿಡಿ.

ಲ್ಯಾಬಿಗೆ ಮಣ್ಣು ಕಳಿಸುವಾಗ ಬದು, ಗೊಬ್ಬರದ ತಿಪ್ಪೆ, ಮರದ ನೆರಳು ಬಿಟ್ಟು ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ವಿ ಆಕಾರದ ಗುಂಡಿ ತೋಡಿ. ಮೇಲಿನಿಂದ 15 ಸೆಂಟಿಮೀಟರ್ ಆಳದವರೆಗೆ ಗುಂಡಿಯ ಗೋಡೆಯಿಂದ ಒಂದು ಸಮನಾದ ಪದರ ಕೆತ್ತಿ ತೆಗೆಯಿರಿ. ಎಲ್ಲಾ ಸೇರಿಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮಾಡಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಹಳೆ ಚೀಲದಲ್ಲಿ ಮಾತ್ರ ತುಂಬಬೇಡಿ. ಹೊಲದಲ್ಲಿ ಎರೆ ಮತ್ತು ಮಸಾರಿ ಎರಡೂ ಇದ್ದರೆ ಎರಡು ಬೇರೆ ಚೀಲ, ಬೆರೆಸಿದರೆ ಬರುವ ಅಂಕಿ ಯಾವ ಮಣ್ಣಿಗೂ ಸೇರುವುದಿಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ. ಮೊದಲು ಮೂರು ನೋಡಿ: ಪಿಎಚ್, ಲವಣಾಂಶ ಹೇಳುವ ಇಸಿ, ಮತ್ತು ಸಾವಯವ ಇಂಗಾಲ. ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಚೆನ್ನ. ಅದನ್ನು ಸುಮಾರು 1.7ರಿಂದ ಗುಣಿಸಿದರೆ ಸಾವಯವ ಪದಾರ್ಥದ ಅಂದಾಜು ಸಿಗುತ್ತದೆ. ಕಾರ್ಡಿನ ಹಿಂದೆ ಎರಡನೇ ಹಂತದಲ್ಲಿ ಅಳೆದ ಮಣ್ಣಿನ ಆಳ, ಅಡಿಯ ಕಲ್ಲಿನ ಹೆಸರು, ನೀರು ನಿಲ್ಲುವ ಜಾಗ ಬರೆದಿಡಿ. ಆ ಮೂರನ್ನು ಲ್ಯಾಬಿನವರು ಬರೆದು ಕೊಡುವುದಿಲ್ಲ, ಮುಂದಿನ ಸಲ ಎಲ್ಲಿ ತೊಗರಿ ಎಲ್ಲಿ ಶೇಂಗಾ ಅಂತ ನಿರ್ಧರಿಸುವಾಗ ಮೊದಲು ಬೇಕಾಗುವುದು ಅವೇ.